ಎಲೆತುದಿಯ ಕೋಸಂಬರಿ ಬಟ್ಟಲಿಗೆ ಬರುವುದು ಹೇಗೆ? – ಮನೆಯ ತರಕಾರಿಯ ಸಲಾಡುಗಳ ಕುರಿತು ಒಂದು ಚರ್ಚೆ

ಬದಿಯಡ್ಕದ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ರಕ್ತಪರೀಕ್ಷೆ ಮಾಡಿಸಿದಾಗ ನನ್ನ ಸಕ್ಕರೆಯ ಪ್ರಮಾಣ ಮಧುಮೇಹದ ಗಡಿಗೆ ತಾಗಿ ನಿಂತಿರುವುದು ತಿಳಿಯಿತು. ಕೊಲೆಸ್ಟರಾಲಿನ ಮಾತ್ರೆಯೊಂದು ಮೊದಲಿನಿಂದಲೂ ನಡೆಯುತ್ತಿದೆ. ಸಕ್ಕರೆಗೆ ಈಗಲೇ ಮಾತ್ರೆ ಬೇಡ, ಮಧ್ಯಾಹ್ನದ ಕುಚ್ಚಲಕ್ಕಿ ಅನ್ನವನ್ನು ಅರ್ಧಕ್ಕೆ ಇಳಿಸಿ ಉಳಿದ ಹಸಿವನ್ನು ತರಕಾರಿಯಿಂದ ತುಂಬಿಸಿಕೊಳ್ಳಿ ಎಂದು ವೈದ್ಯರು ಹೇಳಿದರು. ಈ ವಿಚಾರ ಕೇಳಿದ ಮಗಳು ಬೆಂಗಳೂರಿನಿಂದ ದಿನಕ್ಕೆರಡರಂತೆ ಸಲಾಡಿನ ವಿಡಿಯೋ ಕಳುಹಿಸತೊಡಗಿದಳು. ಅವುಗಳಲ್ಲಿ ಹೇಳಿದ ಲೆಟ್ಯೂಸ್ ಸೊಪ್ಪು, ಆಲಿವ್ ಎಣ್ಣೆ, ಬೆಣ್ಣೆಹಣ್ಣುಗಳನ್ನು ನಾನು ಒಂದು ಬಾರಿ ಮಂಗಳೂರಿಗೆ ಹೋದಾಗ ತಂದೂ ಬಿಟ್ಟೆ. ಜೂನ್ ತಿಂಗಳ ಮಳೆಗೆ ಎರಡು ದಿನ ಕರೆಂಟು ಹೋಯಿತು. ಮೂರನೆಯ ದಿನ ಫ್ರಿಜ್ಜಿನ ಬಾಗಿಲು ತೆರೆದಾಗ ಆ ಸೊಪ್ಪು ಲೋಳೆಯಾಗಿ ಹೋಗಿತ್ತು. ಎಣ್ಣೆಯ ಬಾಟಲಿ ಮಾತ್ರ ಇನ್ನೂ ಇದೆ, ಅದರ ವಾಸನೆ ನಮ್ಮಿಬ್ಬರಿಗೂ ಹಿಡಿಸಲಿಲ್ಲ.

ಆದುದರಿಂದ ನನ್ನ ಪ್ರಶ್ನೆ ಇಷ್ಟೇ. ನಮ್ಮ ಹಿತ್ತಿಲಿನಲ್ಲಿ, ಬದಿಯಡ್ಕದ ಪೇಟೆಯಲ್ಲಿ ಸಿಗುವ ವಸ್ತುಗಳಿಂದಲೇ ಅರ್ಧ ಗಂಟೆಯೊಳಗೆ ಮಾಡಬಹುದಾದ, ಹೊಟ್ಟೆಗೂ ಸಾಕೆನಿಸುವ ಸಲಾಡುಗಳು ಯಾವುವು? ಮನೆಯವಳು ಹೇಳುವ ಪ್ರಕಾರ ಕೋಸಂಬರಿ ಇರುವಾಗ ಬೇರೆಯದನ್ನು ಹುಡುಕುವುದೇ ವ್ಯರ್ಥ. ಆದರೆ ಎಲೆಯ ತುದಿಯಲ್ಲಿ ಎರಡು ಚಮಚ ಬಡಿಸುವ ಪದಾರ್ಥ ಊಟದ ಮುಖ್ಯ ಭಾಗವಾಗಬಲ್ಲುದೇ ಎಂಬ ಅನುಮಾನ ನನಗಿದೆ. ಕರ್ನಾಟಕದ ಗಡಿಯ ಆಚೀಚೆ ಇರುವ ಎಲ್ಲರೂ ತಮ್ಮ ತಮ್ಮ ಊರಿನ ಕ್ರಮವನ್ನು ಹೇಳಿದರೆ ಉಪಕಾರವಾಗುತ್ತದೆ.

ಪೆರ್ಲದ ಅಡುಗೆಯವರು

ಮಾಷ್ಟ್ರೇ, ಮನೆಯವರ ಮಾತನ್ನು ಕೇಳಿ. ನಾನು ಇಪ್ಪತ್ತೈದು ವರ್ಷಗಳಿಂದ ಜೆಂಬರದ, ಅಂದರೆ ಮದುವೆ ಮುಂಜಿಗಳಂಥ ಸಮಾರಂಭಗಳ, ಅಡುಗೆ ಮಾಡುತ್ತಿದ್ದೇನೆ. ಕೋಸಂಬರಿಯಷ್ಟು ಸುಲಭವಾದ, ಹಾಗೆಯೇ ಅಷ್ಟು ಸುಲಭವಾಗಿ ಕೆಡುವ ಪದಾರ್ಥ ಇನ್ನೊಂದಿಲ್ಲ. ನೂರು ಎಲೆಗೆ ನಾನು ಒಂದು ಕಿಲೋ ಹೆಸರುಬೇಳೆ ನೆನೆಹಾಕುತ್ತೇನೆ. ಬೇಳೆಯನ್ನು ಮೂರು ನಾಲ್ಕು ನೀರಿನಲ್ಲಿ ತೊಳೆದು ಮುಕ್ಕಾಲು ಗಂಟೆ ನೆನೆಸಿದರೆ ಸಾಕು. ಬೆರಳಿನಿಂದ ಒತ್ತಿದಾಗ ಮುರಿಯಬೇಕು, ಆದರೆ ಹಿಟ್ಟಾಗಬಾರದು. ಎರಡು ಗಂಟೆ ನೆನೆದ ಬೇಳೆಗೆ ಹಲ್ಲಿಗೆ ಸಿಗುವ ಗುಣವೇ ಇರುವುದಿಲ್ಲ, ಮಳೆಗಾಲದ ಸೆಕೆಯಲ್ಲಿ ಹುಳಿ ವಾಸನೆಯೂ ಬರುತ್ತದೆ. ಕಡಲೆಬೇಳೆಯಾದರೆ ಎರಡು ಗಂಟೆ ಬೇಕೇ ಬೇಕು.

ನೆನೆದ ಬೇಳೆಯ ನೀರನ್ನು ಪೂರ್ತಿ ಬಸಿಯಬೇಕು. ಬಸಿಯುವುದೆಂದರೆ ಪಾತ್ರೆಯನ್ನು ಓರೆ ಮಾಡಿ ಹಿಡಿಯುವುದಲ್ಲ, ತೂತಿನ ಪಾತ್ರೆಗೆ ಸುರಿದು ಹತ್ತು ನಿಮಿಷ ಬಿಡುವುದು. ಬಳಿಕ ಸಣ್ಣಗೆ ಕೊಚ್ಚಿದ ಮುಳ್ಳುಸೌತೆ, ಆಗ ತಾನೇ ಹೆರೆದ ಕಾಯಿತುರಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು. ಮುಳ್ಳುಸೌತೆಯನ್ನು ಮೆಟ್ಟುಕತ್ತಿಯಲ್ಲಿ ಕೊಚ್ಚಬೇಕೇ ಹೊರತು ತುರಿಯಬಾರದು, ತುರಿದರೆ ಅದರ ನೀರೆಲ್ಲ ಪಾತ್ರೆಯ ತಳ ಸೇರುತ್ತದೆ. ಒಗ್ಗರಣೆಗೆ ಒಂದು ಚಮಚ ತೆಂಗಿನೆಣ್ಣೆ, ಸಾಸಿವೆ, ಒಣಮೆಣಸಿನ ಒಂದು ತುಂಡು, ಬೇವಿನಸೊಪ್ಪು (ಕರಿಬೇವು), ಇಂಗು. ಒಗ್ಗರಣೆ ಆರಿದ ಮೇಲೆ ಬೆರೆಸಬೇಕು.

ಉಪ್ಪು ಮತ್ತು ಲಿಂಬೆಹುಳಿಯ ವಿಚಾರವೇ ಮುಖ್ಯ. ಎಲೆ ಹಾಕಿ ನೀರು ಬಡಿಸುವ ಹೊತ್ತಿಗೆ ನಾನು ಉಪ್ಪು ಬೆರೆಸುತ್ತೇನೆ, ಅದಕ್ಕಿಂತ ಒಂದು ನಿಮಿಷ ಮುಂಚೆಯೂ ಇಲ್ಲ. ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ಮದುವೆಯಲ್ಲಿ ಬೆಳಗ್ಗೆ ಹತ್ತಕ್ಕೇ ಉಪ್ಪು ಹಾಕಿ ಮುಚ್ಚಿಟ್ಟಿದ್ದ. ಹನ್ನೆರಡೂವರೆಗೆ ತೆರೆದು ನೋಡಿದರೆ ಕೋಸಂಬರಿ ಸಾರಿನಂತೆ ತೇಲುತ್ತಿತ್ತು. ನೀರನ್ನು ಚೆಲ್ಲಿದರೆ ಉಪ್ಪು ಹುಳಿ ಎರಡೂ ಹೋಗುತ್ತವೆ, ಚೆಲ್ಲದಿದ್ದರೆ ಎಲೆಯಲ್ಲಿ ಹರಿದು ಪಾಯಸಕ್ಕೆ ಸೇರುತ್ತದೆ. ಆ ದಿನ ಕಡೆಗೆ ಮೊಸರು ಸೇರಿಸಿ ಅದನ್ನೇ ಸಾಸಮೆ ಎಂದು ಬಡಿಸಿದೆವು, ಯಾರೂ ಏನೂ ಹೇಳಲಿಲ್ಲ.

ಕಾಸರಗೋಡಿನ ಆಹಾರತಜ್ಞೆ

ಅಡುಗೆಯಣ್ಣ ಹೇಳಿದ ನೂರು ಎಲೆಗೆ ಒಂದು ಕಿಲೋ ಎಂಬ ಲೆಕ್ಕದಲ್ಲೇ ಮಾಷ್ಟ್ರ ಅನುಮಾನಕ್ಕೆ ಉತ್ತರವಿದೆ. ಒಬ್ಬರಿಗೆ ಬರುವುದು 10 ಗ್ರಾಂ ಬೇಳೆ. ಹೆಸರುಬೇಳೆಯ ತೂಕದಲ್ಲಿ ಹತ್ತಿರಹತ್ತಿರ ಕಾಲುಭಾಗ ಪ್ರೋಟೀನ್ ಇರುವುದರಿಂದ ಅದರಿಂದ ಸಿಗುವುದು ಎರಡು ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹೀಗಾಗಿ ಜೆಂಬರದ ಕೋಸಂಬರಿ ರುಚಿಗೆ ಮಾತ್ರ. ಅದನ್ನೇ ಊಟವಾಗಿಸಬೇಕಾದರೆ ತಲೆಗೆ 30 ಗ್ರಾಂ ಒಣಬೇಳೆ, ಅಂದರೆ ಎರಡು ದೊಡ್ಡ ಚಮಚ ತುಂಬ, ಮತ್ತು 150 ಗ್ರಾಮಿನಷ್ಟು ಹಸಿ ತರಕಾರಿ ತೆಗೆದುಕೊಳ್ಳಬೇಕು. ಆಗ ಏಳು ಗ್ರಾಂ ಪ್ರೋಟೀನ್ ಸಿಗುತ್ತದೆ, ಅಗಿಯುವುದಕ್ಕೂ ಹೊತ್ತು ಹಿಡಿಯುತ್ತದೆ. ಪದಾರ್ಥ ಅದೇ, ಬಡಿಸುವ ಸೌಟು ಮಾತ್ರ ದೊಡ್ಡದಾಗಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು 2000 ಕ್ಯಾಲೊರಿಯ ಊಟೋಪಚಾರದಲ್ಲಿ ದಿನಕ್ಕೆ 400 ಗ್ರಾಂ ತರಕಾರಿ ಹಾಗೂ 100 ಗ್ರಾಂ ಹಣ್ಣು ಇರಬೇಕೆಂದು ಹೇಳುತ್ತದೆ. ನಮ್ಮಲ್ಲಿ ಸಾಂಬಾರಿನ ನಾಲ್ಕು ತುಂಡು ಸೌತೆಕಾಯಿಯನ್ನು ತರಕಾರಿ ಎಂದು ಲೆಕ್ಕ ಹಾಕುವವರೇ ಹೆಚ್ಚು. ಮಧ್ಯಾಹ್ನ ಒಂದು ಬಟ್ಟಲು ಸಲಾಡು ತಿಂದರೆ ಈ 400 ಗ್ರಾಮಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮುಗಿಯುತ್ತದೆ.

ಆಲಿವ್ ಎಣ್ಣೆಯ ಬಗ್ಗೆ ಬೇಸರಿಸಬೇಡಿ. ಕ್ಯಾರೆಟ್, ಸೊಪ್ಪುಗಳಲ್ಲಿರುವ ಕ್ಯಾರೊಟಿನ್ ಎಂಬ ಅಂಶವು ಶರೀರಕ್ಕೆ ಹತ್ತಬೇಕಾದರೆ ಊಟದಲ್ಲಿ ಸ್ವಲ್ಪ ಜಿಡ್ಡು ಇರಬೇಕು, ಅದು ಯಾವ ಎಣ್ಣೆಯದಾದರೂ ಆದೀತು. ಹಸಿ ತೆಂಗಿನಕಾಯಿಯ ತೂಕದಲ್ಲಿ ಮೂರರಲ್ಲೊಂದು ಪಾಲು ಕೊಬ್ಬೇ ಆಗಿರುವುದರಿಂದ, ಒಂದು ದೊಡ್ಡ ಚಮಚ ಕಾಯಿತುರಿ ಹಾಕಿದರೆ ಆ ಕೆಲಸ ಆಗುತ್ತದೆ. ಆದರೆ ಅದು ಹೆಚ್ಚಾಗಿ ಕೊಲೆಸ್ಟರಾಲನ್ನು ಏರಿಸುವ ಬಗೆಯ (ಸ್ಯಾಚುರೇಟೆಡ್) ಕೊಬ್ಬು, ಮೇಲಾಗಿ ಮಾಷ್ಟ್ರಿಗೆ ಕೊಲೆಸ್ಟರಾಲ್ ಇದೆ. ಆದ್ದರಿಂದ ಕಾಯಿಯನ್ನು ಹಿಡಿತದಲ್ಲಿಟ್ಟು, ಒಗ್ಗರಣೆಗೆ ಎಳ್ಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಬಳಸುವುದು ಒಳ್ಳೆಯದು. ಆ ಆಲಿವ್ ಎಣ್ಣೆಯನ್ನೂ ಚೆಲ್ಲಬೇಡಿ, ಸಾಸಿವೆ ಇಂಗಿನ ಒಗ್ಗರಣೆಗೆ ಬಳಸಿದರೆ ಅದರ ವಾಸನೆ ತಿಳಿಯುವುದೇ ಇಲ್ಲ.

ಇನ್ನೊಂದು ಮಾತು. ಸಲಾಡನ್ನು ಅನ್ನದ ಜೊತೆಗೆ ಕಲಸಿಕೊಳ್ಳದೆ, ಅನ್ನಕ್ಕಿಂತ ಮೊದಲೇ ಪೂರ್ತಿಯಾಗಿ ತಿಂದು ಮುಗಿಸಿ. ನಾರು ಮೊದಲು ಹೊಟ್ಟೆ ಸೇರಿದರೆ ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವ ವೇಗ ಕಡಿಮೆಯಾಗುತ್ತದೆ.

ಮಂಜೇಶ್ವರದಿಂದ ರೈಲಿನಲ್ಲಿ ಹೋಗುವವಳು

ನಾನು ದಿನವೂ ಬೆಳಗ್ಗಿನ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತೇನೆ. ಏಳು ಗಂಟೆಗೆ ಕಟ್ಟಿದ ಬುತ್ತಿಯನ್ನು ತೆರೆಯುವುದು ಮಧ್ಯಾಹ್ನ ಒಂದೂವರೆಗೆ. ಅಡುಗೆಯಣ್ಣ ಹೇಳಿದ ಉಪ್ಪಿನ ನಿಯಮವನ್ನು ನಾನು ಎರಡು ವರ್ಷ ಚೀಲದೊಳಗೆ ನೀರು ಸೋರಿಸಿಕೊಂಡು ಕಲಿತಿದ್ದೇನೆ. ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಡಬ್ಬಿಯ ತಳಕ್ಕೆ ಬೇಯಿಸಿ ಆರಿಸಿದ ಕಡಲೆ ಅಥವಾ ಹೆಸರುಕಾಳು, ಅದರ ಮೇಲೆ ಗಟ್ಟಿ ತರಕಾರಿಗಳಾದ ಕ್ಯಾರೆಟ್, ಬೀಟ್ರೂಟ್, ಎಲೆಕೋಸು, ಎಲ್ಲಕ್ಕಿಂತ ಮೇಲೆ ಕೊತ್ತಂಬರಿ, ಪುದೀನಾ. ಮುಳ್ಳುಸೌತೆಯನ್ನು ಕೊಚ್ಚದೆ ಇಡಿಯಾಗಿಯೇ ಒಯ್ದು ಅಲ್ಲಿಯೇ ಚಾಕುವಿನಿಂದ ಹೆಚ್ಚುತ್ತೇನೆ. ಅರ್ಧ ಲಿಂಬೆ, ಉಪ್ಪು, ಕಾಳುಮೆಣಸಿನ ಪುಡಿ ಬೇರೊಂದು ಪುಟ್ಟ ಡಬ್ಬಿಯಲ್ಲಿರುತ್ತವೆ. ಕಾಯಿತುರಿಯನ್ನು ಒಯ್ಯುವುದಿಲ್ಲ, ಸೆಕೆಗೆ ಅದು ಮಧ್ಯಾಹ್ನದೊಳಗೆ ಹಳಸುತ್ತದೆ. ಅದರ ಬದಲು ಹುರಿದ ನೆಲಗಡಲೆಯನ್ನು ಜಜ್ಜಿ ಹಾಕುತ್ತೇನೆ.

ಈ ಕ್ರಮದಲ್ಲಿ ಒಂದೇ ದೋಷ, ಪ್ರತಿದಿನ ಅದೇ ರುಚಿ. ಬದಲಾವಣೆಗೆ ಏನು ಮಾಡಬಹುದೆಂದು ಯಾರಾದರೂ ಹೇಳುವಿರಾ? ಹಾಗೆಯೇ ಹೆಸರುಕಾಳನ್ನು ಮೊಳಕೆ ಬರಿಸಿ ಹಸಿಯಾಗಿ ತಿನ್ನಬಹುದೇ ಎಂಬ ಪ್ರಶ್ನೆಯೂ ಇದೆ.

ಅಕ್ಕಲಕೋಟೆಯ ಸೊಸೆ

ಬುತ್ತಿ ಒಯ್ಯುವ ತಂಗಿಯ ಪ್ರಶ್ನೆಗೆ ನಮ್ಮ ಸೋಲಾಪುರ ಜಿಲ್ಲೆಯ ಕಡೆಯಲ್ಲಿ ಸುಲಭದ ಉತ್ತರವಿದೆ. ರುಚಿ ಬದಲಾಗಬೇಕಾದರೆ ತರಕಾರಿಯನ್ನಲ್ಲ, ಮೇಲೆ ಉದುರಿಸುವ ಪುಡಿಯನ್ನು ಬದಲಿಸಬೇಕು. ನಮ್ಮ ಮನೆಯಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಅಗಸಿ ಪುಡಿ ಈ ಮೂರೂ ಸದಾ ಇರುತ್ತವೆ. ಗುರೆಳ್ಳು ಎಂದರೆ ನಿಮ್ಮಲ್ಲಿ ಕೆಲವರು ಹುಚ್ಚೆಳ್ಳು ಎನ್ನುವ ಕಪ್ಪು ಕಾಳು. ಸೋಮವಾರದ ಗಜ್ಜರಿ ಪಚಡಿಗೆ ಶೇಂಗಾ ಹಿಂಡಿ, ಮಂಗಳವಾರದ ಸವತಿಕಾಯಿಗೆ ಗುರೆಳ್ಳು, ಹೀಗೆ ತಿರುಗಿಸಿದರೆ ಒಂದೇ ತರಕಾರಿ ಬೇರೆ ಬೇರೆಯಾಗಿ ಕಾಣುತ್ತದೆ. ಈ ಪುಡಿಗಳಲ್ಲಿ ಉಪ್ಪು ಮೊದಲೇ ಇರುವುದರಿಂದ ಅವುಗಳನ್ನು ಉಣ್ಣುವ ಹೊತ್ತಿಗೇ ಉದುರಿಸಬೇಕು.

ನಮ್ಮಲ್ಲಿ ಸಲಾಡಿಗೆ ಪಚಡಿ ಎನ್ನುತ್ತೇವೆ. ಮರಾಠಿ ನೆರೆಯವರು ಕೋಶಿಂಬೀರ್ ಎಂದು ಮೊಸರು, ಶೇಂಗಾ ಪುಡಿ ಹಾಕಿ ಮಾಡುವುದೂ ಇದರ ಅಕ್ಕನೋ ತಂಗಿಯೋ ಇರಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದುದು ಮೆಂತ್ಯದ ಪಚಡಿ. ಎಳೆಯ ಮೆಂತ್ಯ ಸೊಪ್ಪನ್ನು ಎಲೆ ಮಾತ್ರ ಬಿಡಿಸಿಕೊಂಡು ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಸವತಿಕಾಯಿ, ಟೊಮೆಟೊ ಕೂಡಿಸಿ, ಶೇಂಗಾ ಹಿಂಡಿ ಉದುರಿಸಿ, ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ ಸುರಿದು, ಲಿಂಬೆ ಹಿಂಡಿದರೆ ಆಯಿತು. ಮೆಂತ್ಯ ಬಲಿತಿದ್ದರೆ ಕಹಿ ಹೆಚ್ಚು, ಅಂಥದ್ದನ್ನು ಪಲ್ಯಕ್ಕೆ ಇಡಬೇಕು. ಇನ್ನು ಹಿಂಗಾರಿನ ಹೊತ್ತಿಗೆ ಜೋಳದ ಹೊಲಗಳಲ್ಲಿ ತಾನಾಗಿಯೇ ಏಳುವ ಹಕ್ಕರಕಿ ಸೊಪ್ಪನ್ನು ನಾವು ಹಸಿಯಾಗಿಯೇ ಜೋಳದ ರೊಟ್ಟಿಯ ಜೊತೆ ತಿನ್ನುತ್ತೇವೆ. ಮಾವನವರು ಹೊಲದಿಂದ ಬರುವಾಗ ಧೋತರದ ತುದಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಲೆಟ್ಯೂಸಿಗೆ ದುಡ್ಡು ಕೊಟ್ಟ ಮಾಷ್ಟ್ರ ಕಥೆ ಓದಿ ನನಗೆ ಅದೇ ನೆನಪಾಯಿತು.

ಪೆರ್ಲದ ಅಡುಗೆಯವರು

ಅಕ್ಕ, ನಿಮ್ಮ ಪಚಡಿ ಚೆನ್ನಾಗಿರಬಹುದು, ಆದರೆ ನೀರುಳ್ಳಿ ಬಿದ್ದ ಮೇಲೆ ಅದನ್ನು ಕೋಸಂಬರಿ ಎನ್ನಲು ನನ್ನ ನಾಲಿಗೆ ಒಪ್ಪುವುದಿಲ್ಲ. ಹೊರಗಿನವರಿಗಾಗಿ ಇನ್ನೊಂದು ಸ್ಪಷ್ಟನೆ: ನಮ್ಮ ಕಡೆ ಸೌತೆಕಾಯಿ ಎಂದರೆ ಸಾಂಬಾರಿಗೆ ಹಾಕುವ, ಅಟ್ಟದಲ್ಲಿ ಕಟ್ಟಿ ತೂಗಹಾಕುವ ಹಳದಿ ಕಾಯಿ. ಹಸಿಯಾಗಿ ತಿನ್ನುವುದು ಮುಳ್ಳುಸೌತೆ. ಬೆಂಗಳೂರಿನ ಪಾಕವಿಧಾನ ಓದಿ ಸಾಂಬಾರಿನ ಸೌತೆಯನ್ನು ಕೊಚ್ಚಿ ಕೋಸಂಬರಿ ಮಾಡಿದ ಸೊಸೆಯಂದಿರನ್ನು ನಾನು ನೋಡಿದ್ದೇನೆ.

ಮಡಕಶಿರದಿಂದ

ನಮ್ಮ ಊರು ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದ್ದರೂ ಮನೆಯ ಮಾತು, ಅಡುಗೆ ಎರಡೂ ಕನ್ನಡವೇ. ಸೌತೆಕಾಯಿಯ ಗೊಂದಲ ಇಲ್ಲಿಯೂ ಇದೆ; ಅಂಗಡಿಯಲ್ಲಿ ದೋಸಕಾಯ ಎಂದು ಕೇಳಿದರೆ ಹಳದಿಯದನ್ನೇ ಕೊಡುತ್ತಾರೆ. ಶ್ರೀರಾಮನವಮಿಯಂದು ಪಾನಕ, ನೀರುಮಜ್ಜಿಗೆಗಳ ಜೊತೆ ಹಂಚುವ ಕೋಸಂಬರಿ ನಮ್ಮಲ್ಲಿ ವರ್ಷಕ್ಕೊಮ್ಮೆ ದೊನ್ನೆ ತುಂಬ ಸಿಗುತ್ತದೆ ಎಂಬುದನ್ನು ಮಾಷ್ಟ್ರು ಗಮನಿಸಬೇಕು. ಬಿಸಿಲು ಏರುವ ಚೈತ್ರದಲ್ಲಿ ನೀರು ತುಂಬಿದ ಸೌತೆ, ನೆನೆದ ಬೇಳೆ, ಲಿಂಬೆ, ಉಪ್ಪು ಇವನ್ನು ಒಟ್ಟಿಗೆ ಕೊಡುವ ಏರ್ಪಾಡು ಎಷ್ಟು ಅರ್ಥಪೂರ್ಣವಾಗಿದೆಯೆಂದರೆ, ಅದನ್ನು ಒಂದು ದಿನಕ್ಕೆ ಮಾತ್ರ ಇಟ್ಟುಕೊಂಡದ್ದೇ ನಮ್ಮ ತಪ್ಪು.

ನಮ್ಮದು ಮಳೆ ಕಡಿಮೆಯ ಸೀಮೆ, ಹಸಿ ತರಕಾರಿ ವರ್ಷವಿಡೀ ಸಿಗುವುದಿಲ್ಲ. ಸಿಗುವುದು ಕಡಲೆಕಾಯಿ ಮತ್ತು ಹುರುಳಿ. ಹೊಸ ಕಡಲೆಕಾಯಿ ಕಿತ್ತಾಗ ಅದನ್ನು ಸಿಪ್ಪೆಸಹಿತ ಉಪ್ಪುನೀರಿನಲ್ಲಿ ಬೇಯಿಸಿ, ಬೀಜ ಬಿಡಿಸಿ, ಈರುಳ್ಳಿ, ಹಸಿಮೆಣಸಿನಕಾಯಿ, ಮಾವಿನಕಾಯಿಯ ಚೂರು, ಕೊತ್ತಂಬರಿ ಸೇರಿಸಿ ತಿನ್ನುತ್ತೇವೆ. ಒಂದು ಬಟ್ಟಲು ತಿಂದರೆ ರಾತ್ರಿಯ ಊಟ ಬೇಡವೆನಿಸುತ್ತದೆ. ಹುರುಳಿಯನ್ನು ರಾತ್ರಿಯೆಲ್ಲ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಬೇಕು. ಹೆಸರುಕಾಳು ಒಂದು ದಿನಕ್ಕೆ ಮೊಳೆತರೆ ಹುರುಳಿಗೆ ಚಳಿಗಾಲದಲ್ಲಿ ಎರಡು ದಿನವಾದರೂ ಬೇಕು. ಆ ಮೊಳಕೆಯನ್ನು ನಾವು ಹಸಿಯಾಗಿ ತಿನ್ನುವುದಿಲ್ಲ, ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ ಬಳಿಕ ಸೌತೆ, ಕಾಯಿತುರಿಯೊಡನೆ ಕಲಸುತ್ತೇವೆ. ಹಸಿ ಹುರುಳಿ ಅರಗುವುದಿಲ್ಲ ಎಂಬುದು ಅಜ್ಜಿಯ ಮಾತು.

ಕಾಸರಗೋಡಿನ ಆಹಾರತಜ್ಞೆ

ಅಜ್ಜಿಯ ಮಾತು ಸರಿಯಾಗಿದೆ. ಮೊಳಕೆಯ ವಿಚಾರದಲ್ಲಿ ನನಗೆ ಎಲ್ಲರ ಹಾಗೆ ಉತ್ಸಾಹವಿಲ್ಲ; ಅದರ ಕಾರಣವನ್ನು ಬಿಡಿಸಿ ಹೇಳುತ್ತೇನೆ. ಕಾಳು ಮೊಳೆತಾಗ ಅದರಲ್ಲಿ ಸಿ ಜೀವಸತ್ವ ಹುಟ್ಟಿಕೊಳ್ಳುತ್ತದೆ, ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ಕಡಿಮೆಯಾಗುತ್ತದೆ, ಇವೆಲ್ಲ ನಿಜ. ಆದರೆ ಕಾಳು ಮೊಳೆಯಲು ಬೇಕಾದ ಬೆಚ್ಚಗಿನ ತೇವವೇ ಸಾಲ್ಮೊನೆಲ್ಲಾ, ಇ. ಕೋಲೈ ಮೊದಲಾದ ರೋಗಾಣುಗಳು ಬೆಳೆಯುವುದಕ್ಕೂ ಅನುಕೂಲ. ಕಾಳಿನ ಸಿಪ್ಪೆಯ ಬಿರುಕಿನಲ್ಲಿ ಕುಳಿತ ರೋಗಾಣು ತೊಳೆದರೆ ಹೋಗುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಟ್ಟೆಯಲ್ಲಿ ಕಟ್ಟಿದ ಕಾಳು ಒಂದೇ ದಿನಕ್ಕೆ ಲೋಳೆ ಬಿಡುವುದನ್ನು ಎಲ್ಲರೂ ಕಂಡಿರುತ್ತೀರಿ. ಆದುದರಿಂದ ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಹಸಿ ಮೊಳಕೆಯನ್ನು ತಿನ್ನಲೇಬಾರದು. ಉಳಿದವರೂ ಕುದಿಯುವ ನೀರಿನ ಹಬೆಯಲ್ಲಿ ಬೇಯಿಸಿ ತಿನ್ನುವುದೇ ಲೇಸು. ಬಿಸಿಗೆ ಹೋಗುವ ಸಿ ಜೀವಸತ್ವವನ್ನು ಮೇಲೆ ಹಿಂಡುವ ಲಿಂಬೆಹುಳಿ ತುಂಬಿಕೊಡುತ್ತದೆ, ಕಾಳಿನ ಕಬ್ಬಿಣವನ್ನು ಶರೀರಕ್ಕೆ ಹತ್ತಿಸುವುದೂ ಅದೇ ಹುಳಿ. ಊಟ ಮುಗಿದ ಕೂಡಲೇ ಚಹಾ ಕುಡಿದರೆ ಮಾತ್ರ ಆ ಲಾಭ ಉಳಿಯುವುದಿಲ್ಲ, ಒಂದು ಗಂಟೆ ಕಾಯಬೇಕು.

ರಾಜ್ಮಾ ಕಾಳನ್ನು ಮೊಳಕೆ ಬರಿಸಿ ಹಸಿಯಾಗಿ ತಿನ್ನಬಹುದೇ ಎಂದು ಕೆಲವರು ನನ್ನಲ್ಲಿ ಕೇಳಿದ್ದಾರೆ. ಖಂಡಿತ ಕೂಡದು. ಅದರಲ್ಲಿರುವ ಲೆಕ್ಟಿನ್ ವಿಷ ಮೊಳಕೆಯಿಂದ ಹೋಗುವುದಿಲ್ಲ, ಚೆನ್ನಾಗಿ ಕುದಿಸಿದರೆ ಮಾತ್ರ ಹೋಗುತ್ತದೆ; ನಾಲ್ಕೈದು ಹಸಿ ಕಾಳು ತಿಂದರೂ ವಾಂತಿಯಾಗಬಹುದು.

ಎಣ್ಮಕಜೆಯ ಕೃಷಿಕ

ಹಸಿ ತರಕಾರಿ ತಿನ್ನಿ ಎನ್ನುವುದು ಸುಲಭ, ಆದರೆ ನಮ್ಮ ಪಂಚಾಯತಿನವರಿಗೆ ಆ ಮಾತು ಅಷ್ಟು ಬೇಗ ಗಂಟಲಲ್ಲಿ ಇಳಿಯುವುದಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ವರ್ಷಗಳನ್ನು ಕಂಡವರು ನಾವು; 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಅದಕ್ಕಿಂತ ಎಷ್ಟೋ ಮೊದಲೇ ಇಲ್ಲಿ ಸಿಂಪಡಣೆ ನಿಂತಿದ್ದರೂ, ಯಾವ ತರಕಾರಿಗೆ ಏನು ಹೊಡೆದಿದ್ದಾರೋ ಎಂಬ ಪ್ರಶ್ನೆ ಪೇಟೆಯಿಂದ ತಂದ ಎಲೆಕೋಸನ್ನು ಕೈಗೆತ್ತಿಕೊಂಡಾಗಲೆಲ್ಲ ಬರುತ್ತದೆ. ಬೇಯಿಸುವುದಾದರೆ ಏನೋ ಒಂದು ಧೈರ್ಯ. ಹಸಿಯಾಗಿ ತಿನ್ನುವಾಗ ತೊಳೆಯುವ ಸರಿಯಾದ ಕ್ರಮ ಯಾವುದು?

ತಾಳವಾಡಿಯ ರೈತ

ಅಣ್ಣಾ, ನಾನು ಈರೋಡು ಜಿಲ್ಲೆಯ ತಾಳವಾಡಿಯಲ್ಲಿ ಎಲೆಕೋಸು ಬೆಳೆಯುವವನು, ಆದುದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕೋಸಿಗೆ ಹುಳದ ಕಾಟ ಹೆಚ್ಚು, ಔಷಧಿ ಹೊಡೆಯದೆ ಗಡ್ಡೆ ಕಟ್ಟಿಸುವುದು ಕಷ್ಟ. ಪ್ರತಿಯೊಂದು ಔಷಧಿಯ ಡಬ್ಬಿಯ ಮೇಲೂ ಹೊಡೆದ ಎಷ್ಟು ದಿನಕ್ಕೆ ಕೊಯ್ಯಬೇಕೆಂದು ಬರೆದಿರುತ್ತದೆ. ಬೆಲೆ ಏರಿದಾಗ ಅಷ್ಟು ದಿನ ಕಾಯದವರೂ ಇದ್ದಾರೆ. ಸಿಂಪಡಿಸಿದ್ದು ಹೆಚ್ಚಾಗಿ ಹೊರಗಿನ ಎಲೆಗಳ ಮೇಲೆ ನಿಲ್ಲುತ್ತದೆ. ಹಾಗಾಗಿ ಹೊರಗಿನ ಮೂರು ನಾಲ್ಕು ಎಲೆಗಳನ್ನು ಬಿಸಾಡಿ, ಒಳಗಿನದನ್ನು ಒಂದೊಂದೇ ಎಲೆಯಾಗಿ ಬಿಡಿಸಿ, ನಲ್ಲಿಯ ಹರಿಯುವ ನೀರಿನ ಕೆಳಗೆ ಕೈಯಿಂದ ಉಜ್ಜಿ ತೊಳೆಯಿರಿ. ಇಡೀ ಗಡ್ಡೆಯನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಸಂದಿಯ ಮಣ್ಣು, ಹುಳದ ಮೊಟ್ಟೆ ಯಾವುದೂ ಹೋಗುವುದಿಲ್ಲ. ಉಪ್ಪುನೀರು, ಹುಣಸೆನೀರಿನಲ್ಲಿ ಹತ್ತು ನಿಮಿಷ ಇಡುವುದು ತಪ್ಪಲ್ಲ, ಆದರೆ ಗಿಡವೇ ಬೇರಿನಿಂದ ಹೀರಿಕೊಂಡ ಔಷಧಿಯನ್ನು ಯಾವ ನೀರೂ ತೆಗೆಯಲಾರದು. ಅದಕ್ಕೇ ನಮ್ಮ ಮನೆಯ ಬಳಕೆಗೆ ಬಚ್ಚಲ ನೀರು ಹರಿಯದ ಕಡೆ ಒಂದು ಪಾತಿ ಮೂಲಂಗಿ, ಕೊತ್ತಂಬರಿ, ಸಬ್ಬಸಿಗೆ ಬೇರೆಯಾಗಿ ಬೆಳೆದುಕೊಳ್ಳುತ್ತೇವೆ. ಹಸಿಯಾಗಿ ತಿನ್ನುವುದು ಅದನ್ನೇ.

ಕುಂಬಳೆಯ ಅತ್ತಿಗೆ

ತಾಳವಾಡಿಯ ತಮ್ಮ ಹೇಳಿದ್ದು ನ್ಯಾಯ. ನಾನಂತೂ ಮಳೆಗಾಲದಲ್ಲಿ ಕಡೆಯ ಬಾರಿ ತೊಳೆಯಲು ಕುದಿಸಿ ಆರಿಸಿದ ನೀರನ್ನೇ ಬಳಸುತ್ತೇನೆ. ಬಾವಿಯ ನೀರು ಕದಡುವ ತಿಂಗಳುಗಳಲ್ಲಿ ಕಾಮಾಲೆ ಹಬ್ಬುವುದು ಹೊಸತಲ್ಲ. ಇನ್ನು ಔಷಧಿಯ ಭಯವೇ ಇಲ್ಲದ ತರಕಾರಿಗಳು ನಮ್ಮ ತೋಟದಲ್ಲಿಯೇ ಇರುವಾಗ ಅವುಗಳ ಮಾತನ್ನು ಯಾರೂ ಎತ್ತದಿರುವುದು ನನಗೆ ಆಶ್ಚರ್ಯ.

ಮೊದಲನೆಯದು ಬಾಳೆದಿಂಡು. ಗೊನೆ ಕಡಿದ ಮೇಲೆ ಬಾಳೆಯನ್ನು ತೋಟದಲ್ಲೇ ಕೊಳೆಯಲು ಬಿಡುತ್ತೇವೆ. ಅದರ ಪದರುಗಳನ್ನು ತೆಗೆಯುತ್ತಾ ಹೋದರೆ ಒಳಗೆ ಬೆಣ್ಣೆಯಂಥ ಬಿಳಿಯ ದಿಂಡು ಸಿಗುತ್ತದೆ. ಅದನ್ನು ತೆಳ್ಳಗಿನ ಬಿಲ್ಲೆಗಳಾಗಿ ಕೊಯ್ಯುವಾಗ ಪ್ರತಿ ಬಿಲ್ಲೆಯ ಜೊತೆಗೂ ನೂಲು ಎಳೆದುಕೊಂಡು ಬರುತ್ತದೆ, ಆ ನೂಲನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗಬೇಕು. ಕೊಯ್ದದ್ದನ್ನು ಕೂಡಲೇ ನೀರುಮಜ್ಜಿಗೆಗೆ ಹಾಕದಿದ್ದರೆ ಗಾಳಿ ತಾಗಿ ಕಪ್ಪಾಗುತ್ತದೆ. ಎಲ್ಲ ಕೊಯ್ದ ಮೇಲೆ ಬಿಲ್ಲೆಗಳನ್ನು ಒಟ್ಟಿಟ್ಟು ಸಣ್ಣಗೆ ಕೊಚ್ಚಿ, ಹಿಂಡಿ, ನೆನೆದ ಹೆಸರುಬೇಳೆ, ಸ್ವಲ್ಪ ಕಾಯಿತುರಿ, ಜಜ್ಜಿದ ಗಾಂಧಾರಿ ಮೆಣಸು, ಲಿಂಬೆಹುಳಿ ಸೇರಿಸಿದರೆ ಮುಳ್ಳುಸೌತೆಯ ಕೋಸಂಬರಿಗಿಂತ ಒಂದು ತೂಕ ಮೇಲೆಯೇ. ಮೊದಲ ಬಾರಿಗೆ ನೂಲು ತೆಗೆಯಲು ಅರ್ಧ ಗಂಟೆ ಹಿಡಿದೀತು, ಅಭ್ಯಾಸವಾದರೆ ಹತ್ತು ನಿಮಿಷ.

ಎರಡನೆಯದು ಬಪ್ಪಂಗಾಯಿ, ಅಂದರೆ ಪಪ್ಪಾಯಿ. ತೀರ ಎಳತಲ್ಲದ, ಇನ್ನೂ ಹಣ್ಣಾಗದ ಕಾಯಿಯ ಸಿಪ್ಪೆ ತೆಗೆದು, ಹಾಲು ಹೋಗುವಂತೆ ತೊಳೆದು, ತುರಿದು, ಉಪ್ಪು, ಹಸಿಮೆಣಸು, ಲಿಂಬೆ, ಜಜ್ಜಿದ ನೆಲಗಡಲೆ ಹಾಕಬೇಕು. ಬಸುರಿಯರಿಗೆ ಇದನ್ನು ಕೊಡುವ ಕ್ರಮವಿಲ್ಲ, ಅದನ್ನು ಮೀರಬೇಡಿ. ಬೇಸಗೆಯಲ್ಲಿ ಗೇರುಹಣ್ಣು ಬುಟ್ಟಿಗಟ್ಟಲೆ ಮಣ್ಣುಪಾಲಾಗುತ್ತದೆ. ಬೀಜವನ್ನು ಮಾರಿ ಹಣ್ಣನ್ನು ಎಸೆಯುವ ನಮ್ಮ ಅಭ್ಯಾಸವನ್ನು ಏನೆಂದು ಹೇಳುವುದು. ಅದನ್ನು ಬಿಲ್ಲೆಯಾಗಿ ಕೊಯ್ದು ಉಪ್ಪುನೀರಿನಲ್ಲಿ ಕಾಲು ಗಂಟೆ ಇಟ್ಟರೆ ಗಂಟಲು ಕೆರೆಯುವ ಒಗರು ಬಹುಮಟ್ಟಿಗೆ ಇಳಿಯುತ್ತದೆ. ಮೆಣಸಿನಪುಡಿ ಉದುರಿಸಿ ಮುಳ್ಳುಸೌತೆಯ ಜೊತೆ ಕಲಸಿದರೆ ಮಕ್ಕಳು ಪಾತ್ರೆ ಬರಿದು ಮಾಡುತ್ತಾರೆ.

ಸಾಸಮೆಯನ್ನು ಅಡುಗೆಯಣ್ಣ ತಮಾಷೆಗೆ ಎಳೆದುಬಿಟ್ಟರು. ಕಾಯಿ, ಸಾಸಿವೆ, ಒಂದು ಒಣಮೆಣಸನ್ನು ನುಣ್ಣಗೆ ಅರೆದು ಮೊಸರಿನಲ್ಲಿ ಕದಡಿ ಹಸಿ ಮುಳ್ಳುಸೌತೆಯ ಹೋಳುಗಳನ್ನು ಹಾಕುವ ನಿಜವಾದ ಸಾಸಮೆ ಬೇರೆಯೇ. ಸಾಸಿವೆ ಹೆಚ್ಚಾದರೆ ಕಹಿಯಾಗುತ್ತದೆ, ಎರಡು ಜನರಿಗೆ ಕಾಲು ಚಮಚ ಸಾಕು. ಮಾಷ್ಟ್ರಿಗೆ ಬೆಲ್ಲ ಹಾಕದೆ, ಅರ್ಧದಷ್ಟು ಕಾಯಿಯಲ್ಲಿ ಮಾಡಿಕೊಡಬಹುದು. ಒಂದೆಲಗದ ಎಲೆಗಳನ್ನು ಸಣ್ಣಗೆ ಹೆಚ್ಚಿ ಇದಕ್ಕೇ ಸೇರಿಸಿ ನೋಡಿ. ಆದರೆ ಕೆಸುವಿನ ಎಲೆಯನ್ನು ಮಾತ್ರ ಹಸಿಯಾಗಿ ಯಾರೂ ಮುಟ್ಟಬೇಡಿ, ಬಾಯಿಯೆಲ್ಲ ತುರಿಸುತ್ತದೆ.

ಮಂಜೇಶ್ವರದಿಂದ ರೈಲಿನಲ್ಲಿ ಹೋಗುವವಳು

ಅತ್ತಿಗೆ, ಮುಳ್ಳುಸೌತೆ ಕೆಲವೊಮ್ಮೆ ಕಹಿಯಾಗಿರುತ್ತದಲ್ಲ, ತುದಿ ಕೊಯ್ದು ಉಜ್ಜಿ ನೊರೆ ತೆಗೆದರೆ ಕಹಿ ಹೋಗುತ್ತದೆ ಎಂಬುದು ನಿಜವೇ? ಮೊನ್ನೆ ಕಚೇರಿಯಲ್ಲಿ ಎಷ್ಟು ಉಜ್ಜಿದರೂ ಪ್ರಯೋಜನವಾಗಲಿಲ್ಲ.

ಕಾಸರಗೋಡಿನ ಆಹಾರತಜ್ಞೆ

ಅತ್ತಿಗೆಯ ಪರವಾಗಿ ನಾನು ಉತ್ತರಿಸುತ್ತೇನೆ. ಸೌತೆಯ ಕಹಿಗೆ ಕುಕುರ್ಬಿಟಾಸಿನ್ ಎಂಬ ವಸ್ತು ಕಾರಣ, ಅದು ತೊಟ್ಟಿನ ಕಡೆಯಲ್ಲಿ ಮತ್ತು ಸಿಪ್ಪೆಯ ಅಡಿಯಲ್ಲಿ ಹೆಚ್ಚಿರುತ್ತದೆ. ಆದುದರಿಂದ ತೊಟ್ಟಿನ ಕಡೆಯಿಂದ ಎರಡು ಬೆರಳಷ್ಟು ಕೊಯ್ದು ತೆಗೆದು ಸಿಪ್ಪೆ ಹೆರೆದರೆ ಸಾಮಾನ್ಯ ಕಹಿ ಹೋಗುತ್ತದೆ; ಉಜ್ಜುವುದಕ್ಕಿಂತ ಕೊಯ್ದು ಬಿಸಾಡುವುದೇ ಕೆಲಸ ಮಾಡುವುದು. ಆಮೇಲೂ ಕಹಿಯಿದ್ದರೆ ಆ ಕಾಯಿಯನ್ನು ಪೂರ್ತಿ ಎಸೆಯಬೇಕು. ಸೋರೆಕಾಯಿಯ ವಿಚಾರದಲ್ಲಿ ಇನ್ನೂ ಕಟ್ಟುನಿಟ್ಟಾಗಿರಿ. ಕಹಿ ಸೋರೆಯ ರಸ ಕುಡಿದು ಪ್ರಾಣಕ್ಕೆ ಎರವಾದ ಘಟನೆಗಳು ನಮ್ಮ ದೇಶದಲ್ಲಿ ನಡೆದಿವೆ.

ಎರಡು ಎಚ್ಚರಿಕೆಗಳನ್ನು ಸೇರಿಸುವುದಿದೆ. ಮೂತ್ರಪಿಂಡದ ಕಾಯಿಲೆಯಿರುವವರಿಗೆ ಬಾಳೆದಿಂಡು, ಸೊಪ್ಪು, ಕಾಳುಗಳಲ್ಲಿರುವ ಪೊಟ್ಯಾಸಿಯಂ ಹೆಚ್ಚಾಗಬಹುದು, ಅವರು ತಮ್ಮ ವೈದ್ಯರನ್ನು ಕೇಳಿಯೇ ಪ್ರಮಾಣ ನಿರ್ಧರಿಸಬೇಕು. ಹಾಗೆಯೇ ಈಗ ಚಕ್ಕೋತದ ಕಾಲ ಬರುತ್ತಿದೆ. ಅದರ ತೊಳೆ ಬಿಡಿಸಿ ಪುದೀನಾ, ಹಸಿಮೆಣಸು ಹಾಕಿ ಮಾಡುವ ಸಲಾಡು ಬಹಳ ರುಚಿ. ಆದರೆ ಕೊಲೆಸ್ಟರಾಲಿನ ಕೆಲವು ಮಾತ್ರೆಗಳನ್ನು ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಶರೀರವು ಕರಗಿಸುವ ಕ್ರಮಕ್ಕೆ ಚಕ್ಕೋತವು ಅಡ್ಡಿಪಡಿಸುವುದರಿಂದ, ಔಷಧಿ ರಕ್ತದಲ್ಲಿ ಬೇಕಾದುದಕ್ಕಿಂತ ಹೆಚ್ಚು ಉಳಿದುಬಿಡಬಹುದು. ಎಲ್ಲ ಮಾತ್ರೆಗಳಿಗೂ ಇದು ಅನ್ವಯಿಸುವುದಿಲ್ಲ, ಯಾವ ಮಾತ್ರೆ ಎಂಬುದು ಮುಖ್ಯ. ಉಪ್ಪಿನ ಮಟ್ಟಿಗೆ, ದಿನವೊಂದಕ್ಕೆ ಎಲ್ಲ ಸೇರಿ 5 ಗ್ರಾಮಿಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಸಣ್ಣ ಚಮಚ. ಹುಳಿ ಮತ್ತು ಖಾರ ಸರಿಯಾಗಿದ್ದರೆ ಕೋಸಂಬರಿಗೆ ಚಿಟಿಕೆ ಉಪ್ಪು ಸಾಕಾಗುತ್ತದೆ.

ಬದಿಯಡ್ಕದ ಮಾಷ್ಟ್ರು

ಎರಡು ವಾರಗಳಿಂದ ನಿಮ್ಮೆಲ್ಲರ ಮಾತುಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಒಂದೊಂದಾಗಿ ಮಾಡಿ ನೋಡುತ್ತಿದ್ದೇವೆ. ಮುಳ್ಳುಸೌತೆಯ ಕೋಸಂಬರಿ ವಾರಕ್ಕೆ ಮೂರು ದಿನ ನಿಶ್ಚಯವಾಗಿದೆ, ಬೇಳೆಯನ್ನು ತಕ್ಕಡಿಯಲ್ಲಿ ತೂಗಿ 60 ಗ್ರಾಂ ನೆನೆಹಾಕುವ ಕೆಲಸ ನನ್ನದು. ಬಾಳೆದಿಂಡಿನ ನೂಲು ತೆಗೆಯುವಾಗ ನನ್ನ ಬೆರಳಿನಲ್ಲಿ ಕಂಕಣದಷ್ಟು ದಪ್ಪದ ಸುತ್ತು ಆಯಿತು. ಕಾಲು ಭಾಗ ನೂಲು ಕೋಸಂಬರಿಯಲ್ಲೇ ಉಳಿದಿತ್ತೆಂದು ಮನೆಯವಳು ಹೇಳಿದಳು. ಅಕ್ಕಲಕೋಟೆಯ ತಂಗಿ ಹೇಳಿದ ಶೇಂಗಾ ಪುಡಿಯನ್ನು ಇಲ್ಲಿಯ ನೆಲಗಡಲೆಯಲ್ಲೇ ಮಾಡಿಕೊಂಡೆವು. ಅದನ್ನು ಸಿಪ್ಪೆ ತೆಗೆಯದೆ ಹುರಿದು ಕುಟ್ಟಿದ್ದೇ ಒಳ್ಳೆಯದಾಯಿತು, ಸ್ವಲ್ಪ ಒಗರು ಬಂದು ಕ್ಯಾರೆಟಿನ ಸಿಹಿಗೆ ಹೊಂದಿಕೊಂಡಿತು. ಮೆಂತ್ಯದ ಪಚಡಿ ಮಾತ್ರ ಇಬ್ಬರಿಗೂ ಸೇರಲಿಲ್ಲ, ಇಲ್ಲಿ ಸಿಗುವ ಮೆಂತ್ಯ ಸೊಪ್ಪು ಬಲಿತದ್ದೇ ಇರಬೇಕು.

ಅನ್ನಕ್ಕಿಂತ ಮೊದಲು ಸಲಾಡು ತಿನ್ನುವ ಕ್ರಮದಲ್ಲಿ ಒಂದು ತೊಡಕು ಎದುರಾಯಿತು. ಬಟ್ಟಲು ಮುಗಿಯುವಷ್ಟರಲ್ಲಿ ಸಾಂಬಾರು ಆರಿ ತಣ್ಣಗಾಗಿರುತ್ತಿತ್ತು. ಈಗ ಮನೆಯವಳು ಸಲಾಡಿನ ಬಟ್ಟಲನ್ನು ಹನ್ನೆರಡೂವರೆಗೆ ಜಗಲಿಗೇ ತಂದುಕೊಡುತ್ತಾಳೆ, ಪತ್ರಿಕೆ ಓದುತ್ತಾ ತಿಂದು ಮುಗಿಸಿ ಒಂದು ಗಂಟೆಗೆ ಊಟಕ್ಕೆ ಕುಳಿತುಕೊಳ್ಳುತ್ತೇನೆ. ಎರಡು ಸೌಟು ಅನ್ನಕ್ಕೇ ಹೊಟ್ಟೆ ಸಾಕೆನ್ನುತ್ತದೆ.

ಆಹಾರತಜ್ಞೆಯವರ ಬರಹ ಓದಿದ ದಿನವೇ ನೆರೆಮನೆಯವರು ಎರಡು ಚಕ್ಕೋತ ಕೊಟ್ಟುಹೋದರು. ಮಾತ್ರೆಯ ಚೀಟಿಯನ್ನು ಕಿಸೆಯಲ್ಲಿ ಇಟ್ಟುಕೊಂಡಿದ್ದೇನೆ, ಸೋಮವಾರ ವೈದ್ಯರಲ್ಲಿ ಕೇಳಿ ಬರುತ್ತೇನೆ. ಅಲ್ಲಿಯ ವರೆಗೆ ಹಣ್ಣುಗಳೆರಡೂ ಜಗಲಿಯ ಮೂಲೆಯಲ್ಲಿ ಇರಲಿ.